ಜೊತೆಯಲ್ಲಿ ಕೊಂಡೊಯ್ಯುವ ಕಂಪ್ಯೂಟರು

(ಸಂಘದ ರಾಜ್ಯೋತ್ಸವ ಸಪ್ತಾಹದಲ್ಲಿ ಮಾಡಿದ ಭಾಷಣದ ಬರಹರೂಪ)



ಕವಿಗೋಷ್ಠಿ, ಗಮಕ, ನಾಟಕ ಇವುಗಳ ನಡುವೆ ಒಂದು ಸಂಜೆಯನ್ನು ಕಂಪ್ಯೂಟರಿನ ಮಾತಿಗೆ ಬಿಟ್ಟುಕೊಟ್ಟ ಕಾರ್ಯಕಾರೀ ಸಮಿತಿಯವರಿಗೆ ನಾವು ಕೃತಜ್ಞರಾಗಿದ್ದೇವೆ. ನಿನ್ನೆ ಇದೇ ವೇದಿಕೆಯಿಂದ ಕುಮಾರವ್ಯಾಸನನ್ನು ಕೇಳಿದ ಕಿವಿಗೆ ಇಂದು ಡಿಸ್ಕು, ಕೇಬಲ್ಲು ಎಂಬ ಮಾತುಗಳು ಕೊಂಚ ಒರಟಾಗಿ ಕೇಳಿಸಿಯಾವು. ಆದರೆ ನಾವು ಆರಿಸಿಕೊಂಡ ವಿಷಯ ಪಂಡಿತರಿಗೆ ಮಾತ್ರ ಬೇಕಾದುದಲ್ಲ. ಇಲ್ಲಿ ಕುಳಿತಿರುವ ಅನೇಕರ ಮನೆಯಲ್ಲಿ ಈಗ ಎದ್ದಿರುವ ಒಂದು ಪ್ರಶ್ನೆಗೆ ಅದು ಉತ್ತರ. ಯು.ಎಸ್.ಬಿ. ಕೇಬಲ್ಲಿನಿಂದ ಹೊರಗೆ ಜೋಡಿಸುವ ಹಾರ್ಡ್ ಡಿಸ್ಕಿನಲ್ಲಿ ಲಿನಕ್ಸನ್ನು ನೆಲೆಗೊಳಿಸಿ, ಅಲ್ಲಿಂದಲೇ ಕಂಪ್ಯೂಟರನ್ನು ಚಾಲನೆಗೊಳಿಸುವುದು, ಅಂದರೆ ಬೂಟ್ ಮಾಡುವುದು ಹೇಗೆ ಎಂಬುದೇ ಇಂದಿನ ವಿಷಯ.

ಮೊದಲು ಪ್ರಶ್ನೆ ಯಾವುದೆಂದು ನೋಡೋಣ. ಊರು ಬಿಟ್ಟು ಬಂದು ಇಲ್ಲಿ ಸಂಸಾರ ಹೂಡಿದ ನಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಕಂಪ್ಯೂಟರು ಒಂದೇ. ಮನೆಯ ಲೆಕ್ಕಪತ್ರ, ಮಕ್ಕಳ ಪಾಠ, ಊರಿನ ಮದುವೆ ಮುಂಜಿಗಳ ಫೋಟೋಗಳು, ತೀರಿಕೊಂಡ ಹಿರಿಯರ ದನಿ ಎಲ್ಲವೂ ಅದರಲ್ಲೇ. ಯಂತ್ರ ಎಂಟು ಹತ್ತು ವರ್ಷದ ಹಿಂದೆ ಕೊಂಡದ್ದು. ಅದರಲ್ಲಿರುವುದು ವಿಂಡೋಸ್ ೧೦. ಆ ವಿಂಡೋಸಿಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿಯವರು ೨೦೨೫ರ ಅಕ್ಟೋಬರ್ ೧೪ರಂದು ನಿಲ್ಲಿಸಿದರು. ವಿಂಡೋಸ್ ೧೧ಕ್ಕೆ ಏರೋಣವೆಂದರೆ ಅದು ಟಿ.ಪಿ.ಎಂ. ೨.೦ ಎಂಬ ಭದ್ರತಾ ಸಾಧನವನ್ನೂ, ತಕ್ಕಮಟ್ಟಿಗೆ ಹೊಸದಾದ ಪ್ರೊಸೆಸರನ್ನೂ ಕೇಳುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಎಂಟನೆಯ ಪೀಳಿಗೆಗಿಂತ ಹಿಂದಿನವು, ಬೆರಳೆಣಿಕೆಯಷ್ಟನ್ನು ಬಿಟ್ಟರೆ, ಅದರ ಪಟ್ಟಿಯಲ್ಲಿ ಇಲ್ಲ. ಕೀಬೋರ್ಡು ನೆಟ್ಟಗಿದೆ, ಪರದೆ ನೆಟ್ಟಗಿದೆ, ಯಂತ್ರ ದಿನವೂ ದುಡಿಯುತ್ತಿದೆ. ಆದರೂ ಅಂಗಡಿಗೆ ಒಯ್ದರೆ ಹೊಸದು ಕೊಳ್ಳಿರೆಂಬ ಮಾತು. ಎತ್ತು ಗಟ್ಟಿಯಾಗಿರುವಾಗ ನೊಗ ಹಳೆಯದಾಯಿತೆಂದು ಎತ್ತನ್ನೇ ಮಾರುವುದುಂಟೆ?

ನೊಗ ಬದಲಿಸಲು ಲಿನಕ್ಸ್ ಒಂದು ದಾರಿ. ೧೯೮೩ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ನರು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶವನ್ನು ಕಟ್ಟುತ್ತೇವೆಂದು ಗ್ನೂ ಎಂಬ ಯೋಜನೆಯನ್ನು ಸಾರಿದರು. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸರು ಲಿನಕ್ಸ್ ಎಂಬ ಕರ್ನೆಲನ್ನು, ಅಂದರೆ ವ್ಯವಸ್ಥೆಯ ತಿರುಳನ್ನು ಬರೆದು ಹಂಚಿದರು. ಇವೆರಡೂ ಕೂಡಿ ಬೆಳೆದ ವ್ಯವಸ್ಥೆ ಇಂದು ಡೆಬಿಯನ್, ಉಬುಂಟು, ಫೆಡೋರಾ, ಮಿಂಟ್ ಮೊದಲಾದ ಹಲವು ಹೆಸರುಗಳಲ್ಲಿ ದೊರೆಯುತ್ತದೆ. ಹಣ ಕೊಡಬೇಕಾದುದಿಲ್ಲ. ಮಾತು ಹರಡದಿರಲೆಂದು ನಾವು ಇಲ್ಲಿ ೨೦೨೪ರಲ್ಲಿ ಹೊರಬಂದ ಲಿನಕ್ಸ್ ಮಿಂಟ್ ೨೨ನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇವೆ. ಅದಕ್ಕೆ ೨೦೨೯ರವರೆಗೆ ಭದ್ರತೆಯ ತಿದ್ದುಪಡಿಗಳು ಬರುತ್ತವೆ. ಮೆಮೊರಿ ೨ ಜಿಬಿ ಇದ್ದರೆ ಓಡುತ್ತದೆ, ೪ ಜಿಬಿ ಇದ್ದರೆ ಹಾಯಾಗಿ ಓಡುತ್ತದೆ. ಡಿಸ್ಕಿನಲ್ಲಿ ೨೦ ಜಿಬಿ ಕನಿಷ್ಠ, ೧೦೦ ಜಿಬಿ ಇದ್ದರೆ ಲೇಸು.

"ಹಾಗಾದರೆ ಒಳಗಿನ ಡಿಸ್ಕನ್ನೇ ಒರಸಿ ಲಿನಕ್ಸ್ ಹಾಕಿಬಿಡಬಹುದಲ್ಲ" ಎಂದು ಕೇಳುವಿರಿ. ಹಾಕಬಹುದು. ಆದರೆ ಆ ಡಿಸ್ಕಿನಲ್ಲಿ ಮನೆಯ ಹತ್ತು ವರ್ಷದ ಬದುಕಿದೆ. ಅದೆಲ್ಲಕ್ಕೂ ಪ್ರತಿ ಮಾಡಿಟ್ಟುಕೊಂಡವರು ನಮ್ಮಲ್ಲಿ ವಿರಳ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮೇಲಾಗಿ ಮನೆಯಲ್ಲಿ ಒಬ್ಬರಿಗೆ ಲಿನಕ್ಸ್ ಬೇಕು, ಇನ್ನೊಬ್ಬರಿಗೆ ವಿಂಡೋಸಿನಲ್ಲೇ ನಡೆಯುವ ಲೆಕ್ಕದ ತಂತ್ರಾಂಶ ಬೇಕು. ಮಗ ಹಾಸ್ಟೆಲಿನಲ್ಲಿರುತ್ತಾನೆ, ರಜೆಗೆ ಮನೆಗೆ ಬರುತ್ತಾನೆ, ಬೇಸಗೆಯಲ್ಲಿ ಧಾರವಾಡಕ್ಕೋ ಉಡುಪಿಗೋ ಅಜ್ಜಿಯ ಮನೆಗೆ ಹೋಗುತ್ತಾನೆ. ಮೂರು ಕಡೆಯೂ ಬೇರೆ ಬೇರೆ ಯಂತ್ರ. ಇಂಥವರಿಗೆಲ್ಲ ಹೊರಗಿನ ಡಿಸ್ಕು ಅನುಕೂಲ. ಒಳಗಿನ ಡಿಸ್ಕನ್ನು ಮುಟ್ಟದೆ, ಅಂಗೈಯಗಲದ ಡಿಸ್ಕನ್ನು ಜೋಡಿಸಿ ಗುಂಡಿ ಒತ್ತಿದರೆ ತನ್ನ ವ್ಯವಸ್ಥೆ, ತನ್ನ ಕಾಗದಪತ್ರ, ತನ್ನ ಕನ್ನಡ ಕೀಲಿಮಣೆ ಎಲ್ಲವೂ ಇದ್ದಂತೆಯೇ ಎದುರಿಗೆ ಬರುತ್ತವೆ. ಮುಗಿಸಿ ಡಿಸ್ಕು ಬಿಚ್ಚಿದರೆ ಯಂತ್ರ ಮೊದಲಿನಂತೆ ಅದರ ಒಡೆಯರದು.

ಇಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಪೆನ್ ಡ್ರೈವಿನಲ್ಲಿ ಲಿನಕ್ಸನ್ನು ಬರೆದು ನೇರವಾಗಿ ನಡೆಸುವುದು ಒಂದು. ಇದಕ್ಕೆ ಲೈವ್ ಎನ್ನುತ್ತಾರೆ. ಇದು ಧರ್ಮಛತ್ರದ ವಾಸದಂತೆ. ರಾತ್ರಿ ತಂಗಬಹುದು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ನೀವು ಬರೆದುದು, ಬದಲಿಸಿದುದು ಮೆಮೊರಿಯಲ್ಲಿ ಮಾತ್ರ ನಿಂತು, ಯಂತ್ರ ಆರಿಸಿದೊಡನೆ ಮಾಯವಾಗುತ್ತದೆ. ಹೊರಗಿನ ಡಿಸ್ಕಿನಲ್ಲಿ ಪೂರ್ತಿಯಾಗಿ ಸ್ಥಾಪಿಸುವುದು ಎರಡನೆಯದು. ಇದು ಸ್ವಂತ ಮನೆ. ಇಂದು ನಾವು ಹೇಳಹೊರಟಿರುವುದು ಎರಡನೆಯದನ್ನು. ಆದರೂ ಮೊದಲನೆಯದನ್ನು ತಾತ್ಸಾರ ಮಾಡಬಾರದು. ವಿಂಡೋಸ್ ಕೆಟ್ಟು ಏಳದೆ ಕುಳಿತ ಯಂತ್ರದಲ್ಲಿ, ಡಿಸ್ಕು ಮಾತ್ರ ಚೆನ್ನಾಗಿದ್ದು ಬೀಗಲಿಪಿಯಲ್ಲಿ ಇರದಿದ್ದರೆ, ಲೈವ್ ಲಿನಕ್ಸನ್ನು ಎಬ್ಬಿಸಿ ಒಳಗಿನ ಫೋಟೋಗಳನ್ನು ಹೊರಕ್ಕೆ ನಕಲು ಮಾಡಿಕೊಳ್ಳಬಹುದು.

ಇನ್ನು ಗುಂಡಿ ಒತ್ತಿದಾಗ ಯಂತ್ರದೊಳಗೆ ನಡೆಯುವುದೇನು? ಇದನ್ನು ಅರಿಯದೆ ಮುಂದಿನ ಎಚ್ಚರಿಕೆಗಳು ಅರ್ಥವಾಗವು. ಆದುದರಿಂದ ಕೊಂಚ ನಿಧಾನಿಸೋಣ.

ಯಂತ್ರ ಎದ್ದಾಗ ಅದಕ್ಕೆ ಡಿಸ್ಕು ಎಂದರೇನೆಂದೇ ಗೊತ್ತಿರುವುದಿಲ್ಲ. ಮುಖ್ಯ ಫಲಕದ ಮೇಲಿನ ಒಂದು ಚಿಪ್ಪಿನಲ್ಲಿ ಬರೆದಿಟ್ಟ ಸಣ್ಣ ತಂತ್ರಾಂಶ ಮೊದಲು ಓಡುತ್ತದೆ. ಇದೇ ಫರ್ಮ್‌ವೇರು. ೧೯೮೧ರ ಐ.ಬಿ.ಎಂ. ಪಿ.ಸಿ.ಯಿಂದ ಬಂದ ಹಳೆಯ ಪದ್ಧತಿಗೆ ಬಯೋಸ್ ಎಂದು ಹೆಸರು. ಅದು ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳನ್ನು ಓದಿ, ಅಲ್ಲಿ ಬರೆದಿದ್ದನ್ನು ನಡೆಸಿ ಕೈತೊಳೆದುಕೊಳ್ಳುತ್ತಿತ್ತು. ಈಗಿನ ಪದ್ಧತಿ ಯು.ಇ.ಎಫ್.ಐ. ೨೦೧೨ರಲ್ಲಿ ವಿಂಡೋಸ್ ೮ ಬಂದಂದಿನಿಂದ ಮಾರಾಟವಾದ ಯಂತ್ರಗಳಲ್ಲಿ ಸಾಮಾನ್ಯವಾಗಿ ಇದೇ ಇದೆ. ಇದು ಡಿಸ್ಕಿನಲ್ಲಿ ಇ.ಎಫ್.ಐ. ವಿಭಾಗ ಎಂಬ ಸಣ್ಣದೊಂದು ಭಾಗವನ್ನು ಹುಡುಕಿ, ಅದರಲ್ಲಿರುವ ಫೈಲನ್ನು ಹೆಸರು ಹಿಡಿದು ಎತ್ತಿಕೊಳ್ಳುತ್ತದೆ. ಯಾವ ಡಿಸ್ಕಿನ ಯಾವ ಫೈಲು ಎಂಬ ಪಟ್ಟಿ ಆಯಾ ಯಂತ್ರದ ನೆನಪಿನಲ್ಲೇ ಇರುತ್ತದೆ. ಇಲ್ಲಿ ಒಂದು ತೊಡಕು ನೋಡಿ: ಪಟ್ಟಿ ಇರುವುದು ಯಂತ್ರದಲ್ಲಿ, ಡಿಸ್ಕಿನಲ್ಲಲ್ಲ. ನಮ್ಮ ಡಿಸ್ಕನ್ನು ಪರಮನೆಯ ಯಂತ್ರಕ್ಕೆ ಒಯ್ದರೆ ಆ ಯಂತ್ರದ ಪಟ್ಟಿಯಲ್ಲಿ ನಮ್ಮ ಹೆಸರೆಲ್ಲಿಂದ ಬರಬೇಕು?

ಈ ತೊಡಕಿಗೆ ಪರಿಹಾರವನ್ನು ಆ ಪದ್ಧತಿಯಲ್ಲೇ ಇಟ್ಟಿದ್ದಾರೆ. ಪಟ್ಟಿಯಲ್ಲಿ ಹೆಸರಿಲ್ಲದ ಡಿಸ್ಕು ಬಂದರೆ ಫರ್ಮ್‌ವೇರು ಗೊತ್ತುಪಡಿಸಿದ ಒಂದೇ ಸ್ಥಳದಲ್ಲಿ ನೋಡುತ್ತದೆ: ಇ.ಎಫ್.ಐ. ಎಂಬ ಫೋಲ್ಡರು, ಅದರೊಳಗೆ ಬೂಟ್ ಎಂಬ ಫೋಲ್ಡರು, ಅದರೊಳಗೆ ಬೂಟ್‌ಎಕ್ಸ್೬೪ ಎಂಬ ಫೈಲು. ಹೊಸ ಊರಿಗೆ ಬಂದ ಅಂಚೆಯವನು, ಮನೆ ಯಾವುದೆಂದು ತಿಳಿಯದಾಗ ಊರ ಮುಂದಿನ ಕಟ್ಟೆಯಲ್ಲಿ ವಿಚಾರಿಸುವಂತೆ ಇದು. ನಮ್ಮ ಹೊರಗಿನ ಡಿಸ್ಕಿನಲ್ಲಿ ಸ್ವಂತದ ಇ.ಎಫ್.ಐ. ವಿಭಾಗವಿದ್ದು, ಅದರಲ್ಲಿ ಆ ಹೆಸರಿನ ಫೈಲು ಇದ್ದರೆ ಡಿಸ್ಕು ಯಾವ ಮನೆಯಲ್ಲೂ ಏಳುತ್ತದೆ. ಇಲ್ಲದಿದ್ದರೆ ಹುಟ್ಟಿದ ಮನೆಯಲ್ಲಿ ಮಾತ್ರ ಏಳುತ್ತದೆ. ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು.

ಆ ಫೈಲಿನಿಂದ ಗ್ರಬ್ ಎಂಬ ಬೂಟ್ ಲೋಡರು ಏಳುತ್ತದೆ. ಗ್ರಬ್ಬು ಲಿನಕ್ಸಿನ ಕರ್ನೆಲನ್ನೂ, ಅದರ ಜೊತೆಗೆ ಇನಿಟ್‌ರಾಮ್‌ಎಫ್ಎಸ್ ಎಂಬ ಸಣ್ಣ ಗಂಟನ್ನೂ ಮೆಮೊರಿಗೆ ತರುತ್ತದೆ. ಗಂಟು ಏತಕ್ಕೆ? ಇಲ್ಲಿಯವರೆಗೆ ಡಿಸ್ಕನ್ನು ಓದಿಕೊಟ್ಟದ್ದು ಫರ್ಮ್‌ವೇರು. ಇನ್ನು ಮುಂದೆ ಕರ್ನೆಲು ತನ್ನ ಕಾಲ ಮೇಲೆ ನಿಂತು, ಯು.ಎಸ್.ಬಿ.ಯನ್ನು ತಾನೇ ಎಬ್ಬಿಸಿ, ಡಿಸ್ಕನ್ನು ತಾನೇ ಗುರುತಿಸಬೇಕು. ಅದಕ್ಕೆ ಬೇಕಾದ ಡ್ರೈವರುಗಳು ಇರುವುದೇ ಆ ಡಿಸ್ಕಿನಲ್ಲಿ! ಬೀಗದ ಕೈ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಂತಾಯಿತು. ಆದುದರಿಂದಲೇ ಮುಖ್ಯವಾದ ಡ್ರೈವರುಗಳನ್ನು ಬುತ್ತಿಯಂತೆ ಕಟ್ಟಿ ಮೊದಲೇ ಕೈಗೆ ಕೊಡುವುದು. ಮಿಂಟ್, ಉಬುಂಟು, ಡೆಬಿಯನ್‌ಗಳು ಈ ಬುತ್ತಿಯಲ್ಲಿ ಹಲವು ಬಗೆಯ ಯಂತ್ರಗಳಿಗೆ ಬೇಕಾದುದನ್ನು ರೂಢಿಯಾಗಿಯೇ ತುಂಬುತ್ತವೆ. ಫೆಡೋರಾ ತಾನು ಸ್ಥಾಪನೆಯಾದ ಯಂತ್ರಕ್ಕೆ ಬೇಕಾದಷ್ಟನ್ನೇ ಕಟ್ಟಿಕೊಳ್ಳುತ್ತದೆ; ಅದನ್ನು ಊರೂರು ತಿರುಗಿಸಬೇಕಾದರೆ ಬುತ್ತಿಯನ್ನು ದೊಡ್ಡದು ಮಾಡಿಸಬೇಕು. ನಾವು ಮಿಂಟನ್ನು ಆರಿಸಿಕೊಂಡುದಕ್ಕೆ ಇದೂ ಒಂದು ಕಾರಣ.

ಡಿಸ್ಕನ್ನು ಕರ್ನೆಲು ಗುರುತಿಸುವ ಬಗೆಯನ್ನೂ ಇಲ್ಲೇ ಹೇಳಿಬಿಡುತ್ತೇವೆ. ಲಿನಕ್ಸ್ ಡಿಸ್ಕುಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂದು ಕಂಡ ಸರದಿಯಲ್ಲಿ ಹೆಸರಿಡುತ್ತದೆ. ಇಂದು ಎಸ್‌ಡಿಬಿ ಆದದ್ದು ನಾಳೆ ಬೇರೆ ಯಂತ್ರದಲ್ಲಿ ಎಸ್‌ಡಿಎ ಆಗಬಹುದು. ಸಾಲಿನಲ್ಲಿ ನಿಂತ ಜಾಗವನ್ನು ನಂಬಿ ಮಗುವನ್ನು ಗುರುತಿಸಲಾದೀತೆ? ಅದಕ್ಕೆಂದು ಪ್ರತಿಯೊಂದು ವಿಭಾಗಕ್ಕೂ ಯು.ಯು.ಐ.ಡಿ. ಎಂಬ ಉದ್ದನೆಯ ಗುರುತಿನ ಸಂಖ್ಯೆ ಉಂಟು. ಅದು ಎಲ್ಲಿಗೆ ಹೋದರೂ ಬದಲಾಗದು. ಈಗಿನ ಸ್ಥಾಪಕಗಳು ಈ ಸಂಖ್ಯೆಯನ್ನೇ ಬರೆದಿಡುತ್ತವೆ. ಕೈಯಿಂದ ತಿದ್ದುವ ಉತ್ಸಾಹಿ ತರುಣರು ಮಾತ್ರ ಅದನ್ನು ಅಳಿಸಿ ಎಸ್‌ಡಿಬಿ ಎಂದು ಬರೆಯದಿರಲಿ.

ಇನ್ನು ಡಿಸ್ಕಿನ ಆಯ್ಕೆ. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕು ಅಗ್ಗ, ಆದರೆ ನಿಧಾನ. ಸಿನಿಮಾ ತುಂಬಿಡುವುದಕ್ಕೆ ಅದು ಸಾಕು. ವ್ಯವಸ್ಥೆಯೊಂದು ಏಳುವಾಗ ಸಾವಿರಾರು ಸಣ್ಣ ಫೈಲುಗಳನ್ನು ಅಲ್ಲಿಂದಿಷ್ಟು ಇಲ್ಲಿಂದಿಷ್ಟು ಹೆಕ್ಕಬೇಕಾಗುತ್ತದೆ, ಆಗ ಅದರ ಮುಳ್ಳು ಓಡಾಡಿ ದಣಿಯುತ್ತದೆ. ತಿರುಗುವ ಭಾಗವಿಲ್ಲದ ಎಸ್.ಎಸ್.ಡಿ.ಗೆ ಈ ದಣಿವಿಲ್ಲ. ಚೀಲದಲ್ಲಿ ಅಲುಗಾಡಿದರೂ ಕೆಡುವ ಭಯ ಕಡಿಮೆ. ೨೫೦ ಜಿಬಿಯದಾದರೂ ಎಸ್.ಎಸ್.ಡಿ.ಯೇ ಮೇಲು. ಮನೆಯಲ್ಲಿ ತಿರುಗುವ ಡಿಸ್ಕೇ ಇದ್ದರೆ ಅದರಿಂದಲೂ ಕೆಲಸವಾಗುತ್ತದೆ, ತಾಳ್ಮೆ ಬೇಕು, ಅಷ್ಟೆ.

ಡಿಸ್ಕನ್ನು ಚುಚ್ಚುವ ಕಿಂಡಿಯೂ ಮುಖ್ಯ. ಯು.ಎಸ್.ಬಿ. ೨.೦ರ ವೇಗದ ಮಿತಿ ಸೆಕೆಂಡಿಗೆ ೪೮೦ ಮೆಗಾಬಿಟ್ಟು; ೨೦೦೮ರಲ್ಲಿ ಬಂದ ೩.೦ರದು ೫ ಗಿಗಾಬಿಟ್ಟು, ಅಂದರೆ ಸುಮಾರು ಹತ್ತುಪಟ್ಟು. ೩.೦ರ ಕಿಂಡಿಯ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣ ಇರುತ್ತದೆ. ವಿದ್ಯುತ್ತಿನಲ್ಲೂ ವ್ಯತ್ಯಾಸವಿದೆ: ಹಳೆಯದು ೫೦೦ ಮಿಲಿಆಂಪಿಯರು, ಹೊಸದು ೯೦೦ ಕೊಡಬೇಕೆಂದು ನಿಯಮ. ತಿರುಗುವ ಡಿಸ್ಕಿಗೆ ಹಳೆಯ ಕಿಂಡಿಯ ವಿದ್ಯುತ್ತು ಸಾಲದೆ ಹೋದರೆ ಡಿಸ್ಕು ಟಕ್ ಟಕ್ ಎಂದು ಸದ್ದು ಮಾಡಿ ನಿಲ್ಲುವುದುಂಟು. ಡಿಸ್ಕು ಕೆಟ್ಟಿತೆಂದು ಹೆದರುವ ಮೊದಲು ಬೇರೆ ಕಿಂಡಿ, ಗಿಡ್ಡ ಕೇಬಲ್ಲು ಇವನ್ನು ಪ್ರಯತ್ನಿಸಿ ನೋಡಿ. ನಡುವೆ ಹಬ್ ಇದ್ದರೆ ತೆಗೆದುಬಿಡಿ.

ಈಗ ಸ್ಥಾಪನೆ. ಮಿಂಟಿನ ಸ್ವಂತ ತಾಣದಿಂದ ಐ.ಎಸ್.ಓ. ಫೈಲನ್ನು ಇಳಿಸಿಕೊಂಡು, ಅದು ಕೆಡದೆ ಬಂದಿದೆಯೇ ಎಂದು ಅಲ್ಲಿ ಕೊಟ್ಟ ಪರಿಶೀಲನಾ ಸಂಖ್ಯೆಯೊಡನೆ ಹೋಲಿಸಿ, ಖಾಲಿಯಾದ ೮ ಜಿಬಿ ಪೆನ್ ಡ್ರೈವಿಗೆ ಬರೆಯಬೇಕು. ವಿಂಡೋಸಿನಲ್ಲಿ ರೂಫಸ್ ಎಂಬ ತಂತ್ರಾಂಶ ಈ ಕೆಲಸ ಮಾಡುತ್ತದೆ. ಆ ಪೆನ್ ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದರೆ ಲೈವ್ ಮಿಂಟ್ ಬರುತ್ತದೆ; ಪರದೆ, ವೈಫೈ, ಧ್ವನಿ ಎಲ್ಲ ಸರಿಯಾಗಿವೆಯೇ ಎಂದು ನೋಡಿಕೊಳ್ಳಿ. ಅನಂತರ ಸ್ಥಾಪಕವನ್ನು ತೆರೆಯುವುದು. ನಮ್ಮ ಹೊರಗಿನ ಡಿಸ್ಕಿನಲ್ಲಿ ಮೊದಲೇ ಏನಾದರೂ ಇದ್ದರೆ ಅದೂ ಅಳಿಯುತ್ತದೆಂಬುದು ನೆನಪಿರಲಿ. ಫೋಟೋಗಳನ್ನು ಕೂಡಿಟ್ಟ ಡಿಸ್ಕನ್ನು ಈ ಕೆಲಸಕ್ಕೆ ತರಲೇಬೇಡಿ.

ಭಾಷಣದ ಮುಖ್ಯವಾದ ಮಾತಿಗೆ ಈಗ ಬಂದೆವು. ಹೊರಗಿನ ಡಿಸ್ಕಿಗೆ ಸ್ಥಾಪಿಸೆಂದು ನೀವು ಹೇಳಿದರೂ, ಬೂಟ್ ಲೋಡರನ್ನು ಅಲ್ಲಿಯೇ ಇಡು ಎಂದು ಆರಿಸಿದರೂ, ಸ್ಥಾಪಕವು ಮೊದಲು ಕಣ್ಣಿಗೆ ಬಿದ್ದ ಇ.ಎಫ್.ಐ. ವಿಭಾಗದಲ್ಲೇ ಅದನ್ನು ಇಟ್ಟುಬಿಡುವುದುಂಟು. ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಒಳಗಿನ ಡಿಸ್ಕಿನದು. ಉಬುಂಟು ಬಹುಕಾಲ ಬಳಸಿದ, ಮಿಂಟ್ ೨೨ರಲ್ಲೂ ಇರುವ ಯುಬಿಕ್ವಿಟಿ ಎಂಬ ಸ್ಥಾಪಕದಲ್ಲಿ ಈ ದೋಷ ೨೦೧೪ರಲ್ಲೇ ದಾಖಲಾಗಿದೆ. ಇದರಿಂದ ಎರಡು ಕೇಡು. ಮೊದಲನೆಯದು, ಹೊರಗಿನ ಡಿಸ್ಕು ಪರಮನೆಯಲ್ಲಿ ಏಳುವುದಿಲ್ಲ. ಅದನ್ನು ಎಬ್ಬಿಸುವ ಫೈಲು ಅದರಲ್ಲಿ ಇಲ್ಲವಲ್ಲ! ಎರಡನೆಯದು ಇನ್ನೂ ಹೆಚ್ಚಿನದು. ಡಿಸ್ಕು ಬಿಚ್ಚಿದ ಮೇಲೆ ಮನೆಯ ಯಂತ್ರವೇ ಏಳದೆ, ಕಪ್ಪು ಪರದೆಯ ಮೇಲೆ ಗ್ರಬ್ ಎಂದಷ್ಟೇ ಬರೆದುಕೊಂಡು ನಿಲ್ಲುತ್ತದೆ. ಒಳಗಿನ ಗ್ರಬ್ಬು ತನ್ನ ಉಳಿದ ಅರ್ಧವನ್ನು ಹೊರಗಿನ ಡಿಸ್ಕಿನಲ್ಲಿ ಹುಡುಕುತ್ತದೆ. ಡಿಸ್ಕು ಮಗನ ಚೀಲದಲ್ಲಿ ರೈಲು ಹತ್ತಿ ಹೋಗಿದೆ. ಮರುದಿನ ಬೆಳಗ್ಗೆ ತಾಯಿ ಕಂಪ್ಯೂಟರು ತೆರೆದಾಗ ಆಕೆಯ ಪಾಲಿಗೆ ಎಲ್ಲವೂ ಹೋದಂತೆಯೇ. ಹೀಗಾದ ಮನೆಗಳು ನಮ್ಮ ಸಂಘದ ಪರಿಚಯದಲ್ಲೇ ಉಂಟು.

ಹಾಗಾದವರಿಗೆ ಮೊದಲು ಧೈರ್ಯದ ಮಾತು. ವಿಂಡೋಸ್ ಹೋಗಿರುವುದಿಲ್ಲ, ಫೋಟೋಗಳೂ ಹೋಗಿರುವುದಿಲ್ಲ. ಯಂತ್ರದ ಬೂಟ್ ಪಟ್ಟಿಯನ್ನು ತೆರೆದು ವಿಂಡೋಸ್ ಬೂಟ್ ಮ್ಯಾನೇಜರ್ ಎಂಬುದನ್ನು ಆರಿಸಿದರೆ ಹಳೆಯ ವ್ಯವಸ್ಥೆ ಸಾಮಾನ್ಯವಾಗಿ ಎದ್ದುಬರುತ್ತದೆ. ಆಮೇಲೆ ಫರ್ಮ್‌ವೇರಿನ ಸೆಟ್ಟಿಂಗಿನಲ್ಲಿ ಅದನ್ನೇ ಪಟ್ಟಿಯ ತಲೆಗೆ ಏರಿಸಿದರಾಯಿತು. ಗಾಬರಿಯಿಂದ ಅಂಗಡಿಗೆ ಒಯ್ದು "ಫಾರ್ಮ್ಯಾಟ್ ಮಾಡಿಕೊಡಿ" ಎಂದರೆ ಮಾತ್ರ ಇದ್ದುದೂ ಹೋಗುತ್ತದೆ.

ಕೇಡು ಬಾರದಂತೆ ತಡೆಯುವ ಉಪಾಯ ಬಲು ಸುಲಭ. ಕಾಣದ ಡಿಸ್ಕಿಗೆ ಯಾವ ಸ್ಥಾಪಕವೂ ಬರೆಯಲಾರದು. ಸ್ಥಾಪನೆಯ ಹೊತ್ತಿಗೆ ಒಳಗಿನ ಡಿಸ್ಕನ್ನು ಬಿಚ್ಚಿಬಿಡಿ. ಮೇಜಿನ ಮೇಲಿನ ಕಂಪ್ಯೂಟರಾದರೆ, ಯಂತ್ರವನ್ನು ಆರಿಸಿ ಪ್ಲಗ್ಗು ತೆಗೆದ ಮೇಲೆ, ಡಿಸ್ಕಿನ ಕೇಬಲ್ಲನ್ನು ಕಳಚಿದರೆ ಸಾಕು. ಕೆಲವು ಲ್ಯಾಪ್‌ಟಾಪುಗಳ ಫರ್ಮ್‌ವೇರಿನಲ್ಲಿ ಒಳಗಿನ ಡಿಸ್ಕನ್ನು ತಾತ್ಕಾಲಿಕವಾಗಿ ಮರೆಮಾಡುವ ಸೌಕರ್ಯ ಇರುತ್ತದೆ. ಎರಡೂ ಆಗದ ಲ್ಯಾಪ್‌ಟಾಪಾದರೆ ಚಿಂತೆಯಿಲ್ಲ. ಸ್ಥಾಪನೆಯನ್ನು ಅದರಲ್ಲೇ ಮಾಡಬೇಕೆಂಬ ನಿಯಮವೇನೂ ಇಲ್ಲವಷ್ಟೆ! ಡಿಸ್ಕು ಬಿಚ್ಚಬಹುದಾದ, ಯು.ಇ.ಎಫ್.ಐ. ಇರುವ ಯಾವುದಾದರೂ ಯಂತ್ರದಲ್ಲಿ ಒಮ್ಮೆ ಸ್ಥಾಪಿಸಿಕೊಂಡು ಬಂದರೆ ನಿಮ್ಮ ಲ್ಯಾಪ್‌ಟಾಪಿನಲ್ಲೂ ಅದು ಏಳುತ್ತದೆ. ಒಳಗಿನ ಡಿಸ್ಕು ಕಾಣದಿದ್ದಾಗ "ಡಿಸ್ಕನ್ನು ಅಳಿಸಿ ಸ್ಥಾಪಿಸು" ಎಂಬ ಸರಳ ಆಯ್ಕೆಯನ್ನೇ ನಿರ್ಭಯವಾಗಿ ಒತ್ತಬಹುದು. ಆಗಲೂ ಡಿಸ್ಕಿನ ಹೆಸರನ್ನೂ ಗಾತ್ರವನ್ನೂ ಎರಡು ಸಲ ಓದಿ. ಆತುರಗಾರನಿಗೆ ಬುದ್ಧಿ ಮಟ್ಟ.

ಮುಗಿದ ಮೇಲೆ ಎರಡು ಪರೀಕ್ಷೆ. ಹೊರಗಿನ ಡಿಸ್ಕನ್ನು ತೆಗೆದು, ಒಳಗಿನದನ್ನು ಮತ್ತೆ ಜೋಡಿಸಿ ಯಂತ್ರವನ್ನು ಎಬ್ಬಿಸಿ: ಅದು ಏನೂ ನಡೆದೇ ಇಲ್ಲವೆಂಬಂತೆ ಏಳಬೇಕು. ತರುವಾಯ ಹೊರಗಿನ ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಒಯ್ದು ಎಬ್ಬಿಸಿ: ಅಲ್ಲಿಯೂ ಏಳಬೇಕು. ಏಳದಿದ್ದರೆ ನಾವು ಮೊದಲು ಹೇಳಿದ ಆ ಗೊತ್ತಾದ ಜಾಗದಲ್ಲಿ ಫೈಲು ಇದೆಯೇ ನೋಡಿಸಿ. ಗ್ರಬ್ಬನ್ನು "ತೆಗೆದೊಯ್ಯುವ ಡಿಸ್ಕು" ಎಂಬ ಆಯ್ಕೆಯೊಡನೆ ಮತ್ತೊಮ್ಮೆ ಸ್ಥಾಪಿಸಿದರೆ ಅದು ಅಲ್ಲಿ ಬಂದು ಕೂರುತ್ತದೆ. ೨೦೧೨ಕ್ಕಿಂತ ಹಿಂದಿನ ಬಯೋಸ್ ಯಂತ್ರಗಳಿಗೆ ಮಾತ್ರ ಬೇರೆ ಏರ್ಪಾಡು ಬೇಕಾದೀತು. ಒಂದೇ ಡಿಸ್ಕಿನಲ್ಲಿ ಎರಡೂ ಪದ್ಧತಿಗಳನ್ನು ಇಡಲು ಸಾಧ್ಯ, ಅದನ್ನು ಬಲ್ಲವರ ಕೈಯಲ್ಲಿ ಮಾಡಿಸಿ.

ಇನ್ನು ದಿನದಿನದ ಬಳಕೆ. ಗುಂಡಿ ಒತ್ತಿದೊಡನೆ ಬೂಟ್ ಪಟ್ಟಿ ತೆರೆಯುವ ಕೀಲಿಯನ್ನು ತಟ್ಟಬೇಕು. ಡೆಲ್, ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್೧೨, ಎಚ್‌ಪಿಯಲ್ಲಿ ಎಫ್೯, ಏಸುಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್. ಕೀಲಿ ಹಿಡಿಯಲು ಸಮಯ ಸಿಗದಿದ್ದರೆ ವಿಂಡೋಸಿನೊಳಗಿಂದಲೇ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕೊಟ್ಟು, "ಯೂಸ್ ಎ ಡಿವೈಸ್" ಎಂಬುದನ್ನು ಆರಿಸಬಹುದು. ಸೆಕ್ಯೂರ್ ಬೂಟ್ ಎಂಬ ಕಾವಲುಗಾರನನ್ನು ಕಂಡು ಅಂಜಬೇಡಿ. ಮಿಂಟಿನ ಬೂಟ್ ಲೋಡರಿಗೆ ಮಾನ್ಯವಾದ ಸಹಿ ಇದೆ, ಅವನು ಬಿಡುತ್ತಾನೆ. ಆ ಕಾವಲನ್ನು ತೆಗೆದುಹಾಕಲು ಹೋದರೆ ಮಾತ್ರ ಇನ್ನೊಂದು ತೊಡಕು ಕಾದಿದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಒಳಗಿನ ಡಿಸ್ಕು ಬಿಟ್‌ಲಾಕರ್ ಎಂಬ ಬೀಗಲಿಪಿಯಲ್ಲಿರುತ್ತದೆ, ಎಷ್ಟೋ ವೇಳೆ ಒಡೆಯರಿಗೇ ತಿಳಿಯದಂತೆ. ಫರ್ಮ್‌ವೇರಿನಲ್ಲಿ ಏನಾದರೂ ಬದಲಾದರೆ ಅದು ೪೮ ಅಂಕಿಗಳ ಕೀಲಿಯನ್ನು ಕೇಳಿ ಪಟ್ಟುಹಿಡಿಯುತ್ತದೆ. ಆದುದರಿಂದ ಕೆಲಸಕ್ಕೆ ಕೈಹಾಕುವ ಮೊದಲೇ ಆ ಅಂಕಿಗಳನ್ನು ಮೈಕ್ರೋಸಾಫ್ಟ್ ಖಾತೆಯಿಂದ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಇನ್ನೆರಡು ಸಣ್ಣ ಮಾತು. ವಿಂಡೋಸ್ ಆರಿದಂತೆ ಕಂಡರೂ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿನಿಂದ ಅರ್ಧ ನಿದ್ರೆಯಲ್ಲಿರುತ್ತದೆ. ಆ ಹೊತ್ತಿನಲ್ಲಿ ಲಿನಕ್ಸಿನಿಂದ ಅದರ ಡಿಸ್ಕಿಗೆ ಬರೆದರೆ ಫೈಲುಗಳು ಕೆಡಬಹುದು. ಆ ಏರ್ಪಾಡನ್ನು ನಿಲ್ಲಿಸಿ, ಇಲ್ಲವೆ ಒಳಗಿನ ಡಿಸ್ಕಿನ ತಂಟೆಗೆ ಹೋಗದಿರಿ. ಹಾಗೆಯೇ ಲಿನಕ್ಸ್ ಬಳಸಿದ ಮೇಲೆ ವಿಂಡೋಸಿನ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದೆ ಬಿದ್ದರೆ ಬೆಚ್ಚಬೇಡಿ. ಲಿನಕ್ಸ್ ಯಂತ್ರದ ಗಡಿಯಾರವನ್ನು ವಿಶ್ವಕಾಲದಲ್ಲಿ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಕಾಲವೆಂದು ಓದುತ್ತದೆ. ಸ್ಥಳೀಯ ಕಾಲವನ್ನೇ ಬಳಸೆಂದು ಲಿನಕ್ಸಿಗೆ ಒಮ್ಮೆ ಹೇಳಿದರೆ ಜಗಳ ಮುಗಿಯುತ್ತದೆ.

ಯಂತ್ರ ಓಡುತ್ತಿರುವಾಗ ಡಿಸ್ಕನ್ನು ಕೀಳಬಾರದು. ನಿದ್ರೆಗೆ ಕಳಿಸುವುದಕ್ಕಿಂತ ಪೂರ್ತಿ ಆರಿಸುವುದೇ ಒಳಿತು. ನಿದ್ರೆಯಲ್ಲಿ ಕಿಂಡಿಯ ವಿದ್ಯುತ್ತು ನಿಂತರೆ ಎಚ್ಚರವಾದಾಗ ಡಿಸ್ಕು ಸಿಗದೆ ಹೋದೀತು. ಜೇಬಿನಲ್ಲಿ ಹೋಗುವ ವಸ್ತು ಜೇಬಿನಿಂದ ಬೀಳಲೂಬಹುದು. ಆದುದರಿಂದ ಸ್ಥಾಪಿಸುವಾಗಲೇ ಗುಪ್ತಲಿಪೀಕರಣದ ಆಯ್ಕೆಯನ್ನು ಗುರುತುಮಾಡಿ ಒಳ್ಳೆಯ ಗುಪ್ತಪದವನ್ನು ಕೊಡಿ. ಬ್ಯಾಂಕಿನ ಕಾಗದ ಕಂಡವರ ಪಾಲಾಗದು. ಅಷ್ಟೇ ಮುಖ್ಯವಾಗಿ, ಇನ್ನೊಂದು ಡಿಸ್ಕಿನಲ್ಲಿ ಎಲ್ಲಕ್ಕೂ ಪ್ರತಿ ಇರಲಿ. ಮನೆ ಒಂದೇ ಆದರೂ ಉಯಿಲಿನ ಪ್ರತಿ ಎರಡಿರಬೇಕಲ್ಲವೆ?

ಯಾರ ಯಂತ್ರದಲ್ಲಿ ಎಬ್ಬಿಸುತ್ತೇವೆ ಎಂಬುದಕ್ಕೂ ಒಂದು ಮರ್ಯಾದೆಯುಂಟು. ಕಚೇರಿಯವರು ಕೊಟ್ಟ ಲ್ಯಾಪ್‌ಟಾಪಿನಲ್ಲಿ ಅವರ ಅಪ್ಪಣೆಯಿಲ್ಲದೆ ಇದನ್ನು ಮಾಡಲೇಕೂಡದು. ಅನ್ನ ಕೊಡುವ ಕೆಲಸಕ್ಕೇ ಸಂಚಕಾರ ಬಂದೀತು. ನೆಂಟರ ಮನೆಯಲ್ಲಾದರೂ ಕೇಳಿಯೇ ಮಾಡಬೇಕು. ಅವರ ಯಂತ್ರದಿಂದ ನಮಗೆ ಬೇಕಾದುದು ಪರದೆ, ಕೀಬೋರ್ಡು, ಪ್ರೊಸೆಸರು ಇಷ್ಟೇ, ಅವರ ಫೈಲುಗಳಲ್ಲ.

ಇಷ್ಟೆಲ್ಲ ಮಾಡಿ ಎಬ್ಬಿಸಿದ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಎಂಥ ಸ್ಥಾನ ಎಂದು ಈ ಸಭೆ ಕೇಳದೆ ಬಿಡದು. ಸಂತೋಷದಿಂದ ಹೇಳುತ್ತೇವೆ: ಒಳ್ಳೆಯ ಸ್ಥಾನವಿದೆ. ಲೋಹಿತ್, ನೋಟೋ ಮೊದಲಾದ ಕನ್ನಡ ಅಕ್ಷರಗಳು ಉಚಿತವಾಗಿ ದೊರೆಯುತ್ತವೆ. ಐಬಸ್ ಎಂಬ ಉಪಕರಣವನ್ನು ಹಾಕಿಕೊಂಡರೆ, ಕೆ. ಪಿ. ರಾವ್ ಅವರು ರೂಪಿಸಿದ, ನುಡಿಯಲ್ಲಿ ಬೆರಳು ಪಳಗಿದವರಿಗೆಲ್ಲ ಪರಿಚಿತವಾದ ಕೀಲಿಮಣೆಯ ವಿನ್ಯಾಸವೂ, ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಸಿಗುತ್ತವೆ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್‌ಗಳ ಪಟ್ಟಿ ಪರಿವಿಡಿಗಳನ್ನು ಕನ್ನಡದಲ್ಲೇ ಇಟ್ಟುಕೊಳ್ಳಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇನ್ನೊಂದು, ಶಾಲೆ ಕಚೇರಿಗಳಲ್ಲಿ ಮತ್ತೊಂದು ಎಂದು ಹಂಚಿಹೋದ ನಮ್ಮ ಮಕ್ಕಳಿಗೆ, ತಾವು ಕೂತ ಯಂತ್ರ ಯಾರದಾದರೂ ಅದರ ಮುಖ ಕನ್ನಡದ್ದಾಗಿ ಏಳುವುದು ಸಣ್ಣ ಲಾಭವಲ್ಲ. ಅಜ್ಜನಿಗೆ ಒಂದು ಕಾಗದವನ್ನು ಕನ್ನಡದಲ್ಲಿ ಬರೆಯಲು "ಈ ಕಂಪ್ಯೂಟರಿನಲ್ಲಿ ಕನ್ನಡ ಇಲ್ಲ" ಎಂಬ ನೆಪ ಆ ಮೇಲೆ ಉಳಿಯುವುದಿಲ್ಲ.

ಕೊನೆಯದಾಗಿ ಸಮಿತಿಯವರಲ್ಲಿ ಒಂದು ಅರಿಕೆ. ಸಂಘದ ವಾಚನಾಲಯದಲ್ಲಿ ಒಳಗಿನ ಡಿಸ್ಕು ತೆಗೆದ ಹಳೆಯ ಕಂಪ್ಯೂಟರೊಂದನ್ನು ಕಾಯಮ್ಮಾಗಿ ಇಡೋಣ. ಅದರಲ್ಲಿ ಅಳಿಸಿಹೋಗುವಂಥದ್ದು ಏನೂ ಇರುವುದಿಲ್ಲವಾದ್ದರಿಂದ ಹೆದರಿಕೆಯೂ ಇಲ್ಲ. ತಿಂಗಳಿಗೊಂದು ಭಾನುವಾರ ಸದಸ್ಯರು ತಮ್ಮ ಖಾಲಿ ಡಿಸ್ಕನ್ನು ತಂದರೆ, ಬಲ್ಲ ತರುಣರು ಪಕ್ಕದಲ್ಲಿ ಕುಳಿತು ಸ್ಥಾಪಿಸುವುದನ್ನು ಕಲಿಸಲಿ. ಮಾಡಿಕೊಡುವುದಕ್ಕಿಂತ ಕಲಿಸುವುದು ಮೇಲು. ಕಲಿತವರು ಮುಂದಿನ ತಿಂಗಳು ಇನ್ನೊಬ್ಬರಿಗೆ ಕಲಿಸಿಯಾರು. ಮೂಲೆಗೆ ಬಿದ್ದ ಹತ್ತು ಯಂತ್ರಗಳು ಹೀಗೆ ಮತ್ತೆ ಎದ್ದು ಹತ್ತು ಮನೆಯ ಮಕ್ಕಳ ಓದಿಗೆ ಒದಗಿದರೂ ಈ ಸಂಜೆ ಸಾರ್ಥಕವಾಯಿತೆಂದು ನಾವು ತಿಳಿಯುತ್ತೇವೆ.